ಬಿದಿರುಗಡ್ಡೆಯಲ್ಲಿ ಅಳತೆ ಹಿಡಿದ ಹೆಂಗಸು

ನಗುನಗುತ್ತಾ ಮಾತಾಡಿಸುವ ಗಿರಾಕಿಯನ್ನು ರಾಮಮ್ಮ ನಂಬುವುದನ್ನು ಬಿಟ್ಟು ಒಂಬತ್ತು ವರ್ಷವಾಗಿತ್ತು. ಆಗ ಅವಳದು ಮಾರನಹಳ್ಳಿಯಲ್ಲಿ ಹೆದ್ದಾರಿ ಪಕ್ಕದ ತಗಡಿನ ಟೀ ಅಂಗಡಿ. ಘಾಟಿ ಹತ್ತಿ ಬಂದ ಲಾರಿಯವರು ಗಾಡಿ ತಣ್ಣಗಾಗಲು ಬಿಟ್ಟು ಅಲ್ಲೇ ಟೀ ಕುಡಿಯುತ್ತಿದ್ದರು. ಒಂದು ದಿನ ಇಸ್ತ್ರಿ ಶರ್ಟಿನವನೊಬ್ಬ ಬಂದು ಎರಡು ಲೋಟ ಟೀ ಕುಡಿದ. "ನಿಮ್ಮ ಕೈರುಚಿ ಚೆನ್ನಾಗಿದೆ ಅಮ್ಮ" ಅಂದ. ಹೋಗುವ ಮುಂಚೆ ಉಕ್ಕಿನ ಟೇಪು ಎಳೆದು, ಅಂಗಡಿಯಿಂದ ರಸ್ತೆ ಅಂಚಿಗೆ ಎಷ್ಟು ದೂರ ಅಂತ ಅಳೆದ. ಟೇಪಿನ ಈಚೆ ತುದಿ ಹಿಡಿದುಕೊಂಡು ನಿಂತವಳು ರಾಮಮ್ಮನೇ. ಮೂರೇ ವಾರಕ್ಕೆ ರಸ್ತೆ ಅಗಲ ಮಾಡುವ ಜೆಸಿಬಿ ಬಂತು.

ಅಂಗಡಿ ಹೋದ ಮೇಲೆ ರಾಮಮ್ಮನೂ ಗಂಡ ಲಕ್ಕಯ್ಯನೂ ಅವನ ಊರಿನ ಕಡೆ, ಪಾಳ್ಯದ ಹತ್ತಿರಕ್ಕೆ ಬಂದರು. ಅಲ್ಲಿ ಹಿನ್ನೀರಿನ ನಡುವೆ ಬಿದಿರುಗಡ್ಡೆ ಅಂತ ಒಂದು ಪುಟ್ಟ ನಡುಗಡ್ಡೆ. ಬಾಯಲ್ಲಿನ ಎಲೆ ಅಡಿಕೆ ಮುಗಿಯುವುದರೊಳಗೆ ಒಂದು ಸುತ್ತು ಬಂದುಬಿಡಬಹುದು. ಬರುವ ಜನಕ್ಕೆ ಅಂತ ಪಂಚಾಯ್ತಿಯವರು ನಾಲ್ಕು ಸಿಮೆಂಟ್ ಬೆಂಚು, ಹಕ್ಕಿ ನೋಡಲು ಒಂದು ಅಟ್ಟಣಿಗೆ, ಎರಡು ಟಾಯ್ಲೆಟ್, ಉಳಿಯುವವರಿಗೆ ಎರಡು ಹೆಂಚಿನ ರೂಮು ಕಟ್ಟಿಸಿ, ಊರಿನ ಹೆಂಗಸರ ಸಂಘಕ್ಕೆ ವಹಿಸಿದ್ದರು. ಅಡುಗೆ ರಾಮಮ್ಮನದು, ದೋಣಿ ಲಕ್ಕಯ್ಯನದು. ಶನಿವಾರ ಭಾನುವಾರ ಅವಳ ಅಕ್ಕಿ ರೊಟ್ಟಿ, ಮೀನು ಸಾರಿಗೆ ಅಂತಲೇ ಸಕಲೇಶಪುರದಿಂದ ಜನ ಬರುತ್ತಿದ್ದರು. ಬೇರು ಬಿಟ್ಟೆವು ಅನ್ನುವಷ್ಟರಲ್ಲಿ, ಯಾವುದೋ ರೆಸಾರ್ಟ್ ಕಂಪನಿಯ ಕಣ್ಣು ಗಡ್ಡೆಯ ಮೇಲೆ ಬಿದ್ದಿದೆ ಅಂತ ಆಲೂರಿನ ಸಂತೆಯಲ್ಲಿ ಯಾರೋ ಹೇಳಿದರು. ಅವತ್ತಿನಿಂದ ರಾಮಮ್ಮ ಪ್ರತಿ ದೋಣಿಯನ್ನೂ ಕಣ್ಣು ಕಿರಿದು ಮಾಡಿ ನೋಡತೊಡಗಿದಳು.

ಡಿಸೆಂಬರಿನ ಒಂದು ಸೋಮವಾರ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಒಬ್ಬಳೇ ಇಳಿದಳು. ಹೆಸರು ವಾಣಿ ಅಂದಳು. ಫೋಟೋ ತೆಗೆಯಲಿಲ್ಲ, ನೀರಿಗೆ ಕಾಲು ಇಳಿಬಿಡಲಿಲ್ಲ. ಬ್ಯಾಗಿನಿಂದ ಟೇಪು ತೆಗೆದು ಟಾಯ್ಲೆಟ್ಟಿನ ಬಾಗಿಲು ಅಳೆದಳು. ಆಮೇಲೆ ರೂಮಿನ ಮೆಟ್ಟಿಲು, ಬೆಂಚಿನ ಎತ್ತರ, ದೋಣಿಯ ಅಗಲ. ಎಲ್ಲವನ್ನೂ ಪುಸ್ತಕದಲ್ಲಿ ಗೀಚಿಕೊಂಡಳು.

ರಾಮಮ್ಮನ ಕೈಯಲ್ಲಿದ್ದ ಹಿಟ್ಟು ಕೈಯಲ್ಲೇ ಉಳಿಯಿತು.

ಊಟಕ್ಕೆ ಕೂತ ವಾಣಿ, "ನಿಮ್ಮ ಸಾರು ತುಂಬ ಚೆನ್ನಾಗಿದೆ ಅಮ್ಮ" ಅಂದಾಗಂತೂ ಅವಳಿಗೆ ಸಂಶಯವೇ ಉಳಿಯಲಿಲ್ಲ.

"ದೋಣಿ ಇಳಿಯೋ ಜಾಗ ಗಟ್ಟಿ ಇದೆಯಾ?" ವಾಣಿ ಕೇಳಿದಳು.

"ಎಲ್ಲಿ ಗಟ್ಟಿ? ಜಾರ್ತದೆ. ಹೋದ್ ವರ್ಷ ಇಬ್ರು ಬಿದ್ದು ಸೊಂಟ ಮುರ್ಕೊಂಡ್ರು."

"ಕುಡಿಯೋ ನೀರು?"

"ಕುಡಿದೋರಿಗೆ ಹೊಟ್ಟೆ ಕೆಡ್ತದೆ. ಹಾವೂ ಜಾಸ್ತಿ."

"ಆ ಎರಡನೇ ರೂಮಿಗೆ ಮೆಟ್ಟಿಲೇ ಇಲ್ಲ ಅಲ್ವಾ? ಒಳಗೆ ನೋಡಬಹುದಾ?"

"ಬೀಗದ ಕೈ ಕಳೆದೈತೆ" ಅಂದಳು ರಾಮಮ್ಮ. ಬೀಗದ ಕೈ ಅವಳ ಸೆರಗಿನ ಗಂಟಿನಲ್ಲೇ ಇತ್ತು. ಹೇಳಿದ್ದರಲ್ಲಿ ಒಂದೂ ನಿಜವಲ್ಲ.

ವಾಣಿ ಪೆಚ್ಚಾಗಿ ಪುಸ್ತಕ ಮುಚ್ಚಿದಳು. ಅಡುಗೆಮನೆಯ ಹಿಂದೆ ಲಕ್ಕಯ್ಯ ಗದರಿದ. "ಹಿಂಗೆಲ್ಲ ಹೇಳಿದ್ರೆ ಜನ ಬತ್ತಾರೇನೆ?"

"ಅವ್ಳು ಜನ ಅಲ್ಲ ಕಣ್ರೀ, ಕಂಪನಿ. ಟೇಪು ನೋಡಿಲ್ವಾ?"

"ನೋಡ್ದೆ. ಬಟ್ಟೆ ಟೇಪು ಅದು. ದರ್ಜಿಗಳದ್ದು."

"ಏನೋ ಒಂದು. ಅಳೆಯೋರು ಅಳೆಯೋರೇ."

ರಾತ್ರಿ ಮೊದಲನೇ ರೂಮಿನಲ್ಲಿ ಉಳಿದಿದ್ದ ವಾಣಿ ಮಾರನೆ ಬೆಳಿಗ್ಗೆ ಮತ್ತೆ ದಡದಲ್ಲಿ ಬಗ್ಗಿ ಹೆಜ್ಜೆ ಎಣಿಸುತ್ತಿರುವುದನ್ನು ಕಂಡು ರಾಮಮ್ಮನಿಗೆ ತಡೆಯಲಾಗಲಿಲ್ಲ. ಸೀದಾ ಎದುರು ಹೋಗಿ ನಿಂತಳು. "ನಿಮ್ದು ಯಾವ್ ಕಂಪನಿ? ಇಲ್ಲಿಂದ ನಮ್ಮನ್ನ ಎಬ್ಬಿಸೋಕೆ ಎಷ್ಟು ದಿನ ಐತೆ, ಅದನ್ನ ಹೇಳ್ಬುಡಿ."

ವಾಣಿ ಬೆಪ್ಪಾಗಿ ನೋಡಿದಳು. "ಕಂಪನಿನಾ? ನಾನು ಚನ್ನರಾಯಪಟ್ಟಣದಲ್ಲಿ ಹೊಲಿಗೆ ಕ್ಲಾಸ್ ನಡೆಸ್ತೀನಿ." ಫೋನು ತೆಗೆದು ಒಂದು ಫೋಟೋ ತೋರಿಸಿದಳು. ಗಾಲಿಕುರ್ಚಿಯಲ್ಲಿ ದಪ್ಪ ಮೀಸೆಯ ಮುದುಕರೊಬ್ಬರು, ಎಡಗೈ ಮಡಿಲಲ್ಲಿ ಬಿದ್ದುಕೊಂಡಿತ್ತು. "ನಮ್ಮಪ್ಪ ವೀರಭದ್ರಯ್ಯ. ಬಸ್ ಕಂಡಕ್ಟರ್ ಆಗಿದ್ರು. ಲಕ್ವ ಹೊಡೆದು ನಾಲ್ಕು ವರ್ಷ ಆಯ್ತು. ಎಲ್ಲಿಗಾದ್ರೂ ಕರ್ಕೊಂಡು ಹೋದ್ರೆ ಕುರ್ಚಿ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತೆ, ಇಲ್ಲ ಟಾಯ್ಲೆಟ್ಟಿಗೆ ಮೂರು ಮೆಟ್ಟಿಲಿರುತ್ತೆ. ಒಂದ್ಸಲ ಅವರಿಗೆ ಬಟ್ಟೆಯಲ್ಲೇ ಆಗಿಹೋಯ್ತು. ಅವತ್ತಿನಿಂದ ಹೊರಗೆ ಬರಲ್ಲ ಅಂತಾರೆ. ಅದಕ್ಕೆ ಮೊದಲು ನಾನೇ ನೋಡಿಕೊಂಡು ಹೋಗೋಣ ಅಂತ ಬಂದೆ. ನಿನ್ನೆ ರಾತ್ರಿ ಫೋನ್ ಮಾಡಿ, ಇದು ಆಗೋ ಜಾಗ ಅಲ್ಲ ಅಪ್ಪ ಅಂದೆ."

ರಾಮಮ್ಮ ದಡವನ್ನು ಕಾಲಲ್ಲಿ ಗಟ್ಟಿಯಾಗಿ ತುಳಿದು ತೋರಿಸಿದಳು. "ಹಂಗೇನಿಲ್ಲ ಕಣವ್ವ. ಈ ದಡ ಜಾರಲ್ಲ. ನೀರು ಬೋರ್‌ವೆಲ್ದು, ನಾವೂ ಅದನ್ನೇ ಕುಡಿಯೋದು. ನಾನು ಹೇಳಿದ್ದೆಲ್ಲ ಸುಳ್ಳು."

"ಯಾವುದು ಸುಳ್ಳು? ನಿನ್ನೆ ಹೇಳಿದ್ದಾ, ಈಗ ಹೇಳ್ತಿರೋದಾ?"

ರಾಮಮ್ಮ ಅವಸರದಲ್ಲಿ ಸೆರಗಿನ ಗಂಟು ಬಿಚ್ಚಿ ಬೀಗದ ಕೈ ತೆಗೆದಳು. ಅದರಿಂದ ಕೆಲಸ ಇನ್ನಷ್ಟು ಕೆಟ್ಟಿತು. ವಾಣಿ ಆ ಬೀಗದ ಕೈಯನ್ನೂ ಅವಳ ಮುಖವನ್ನೂ ಒಂದು ಗಳಿಗೆ ನೋಡಿ, ಬ್ಯಾಗು ಹೆಗಲಿಗೇರಿಸಿ ದೋಣಿಯ ಕಡೆ ನಡೆದಳು. ದೋಣಿ ಹೋಗುವಾಗ ತಿರುಗಿಯೂ ನೋಡಲಿಲ್ಲ.

ಜೆಸಿಬಿ ಬಂದ ದಿನ ರಾಮಮ್ಮನಿಗೆ ಸಿಟ್ಟು ಬಂದಿತ್ತು. ಇವತ್ತು ಬಂದದ್ದು ನಾಚಿಕೆ. ಎರಡು ದಿನ ಅವಳಿಗೆ ಊಟ ಸೇರಲಿಲ್ಲ. ಮೂರನೆಯ ದಿನ ಲಕ್ಕಯ್ಯನಿಂದ ದಡಕ್ಕೆ ಚಪ್ಪಡಿ ಕಲ್ಲು ಹಾಕಿಸಿ, ಅದರ ಮೇಲೆ ಅಗಲವಾದ ಹಲಗೆ ಇಳಿಜಾರಾಗಿ ಕೂರಿಸಿದಳು. ಆಮೇಲೆ ತಾನೇ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಕುರ್ಚಿ ಸಮೇತ ತನ್ನನ್ನು ದೋಣಿಯಿಂದ ಎತ್ತಿ ರೂಮಿನವರೆಗೆ ಹೊತ್ತುಕೊಂಡು ಹೋಗುವಂತೆ ಲಕ್ಕಯ್ಯನಿಗೂ ಆಚೆ ದಡದ ಗದ್ದೆಯ ಚಲುವಯ್ಯನಿಗೂ ಹೇಳಿದಳು. ಸಂಘದ ಲೆಕ್ಕ ಬರೆಯುವ ರಶ್ಮಿತಾ ನಕ್ಕು ನಕ್ಕು ಅದನ್ನು ವಿಡಿಯೋ ಮಾಡಿದಳು. ರಿಜಿಸ್ಟರಿನಲ್ಲಿದ್ದ ವಾಣಿಯ ನಂಬರಿಗೆ ಕಳಿಸಿದಳು.

ಎಂಟು ದಿನ ಉತ್ತರವಿಲ್ಲ. ಒಂಬತ್ತನೆಯ ದಿನ ಒಂದೇ ಪದ ಬಂತು. "ಹಾವು?"

"ಇಲ್ಲ ಅಂತ ಬರೀಲಾ ಅತ್ತೆ?" ರಶ್ಮಿತಾ ಕೇಳಿದಳು.

"ಬೇಡ. ಆ ಕಡೆ ಕಲ್ಲುಗಳ ಹತ್ರ ಒಂದೆರಡು ನೀರಹಾವು ಅವೆ, ಯಾರಿಗೂ ಕಚ್ಚಿಲ್ಲ ಅಂತ ಬರಿ. ಇರೋದನ್ನೇ ಬರಿ."

ಜನವರಿಯಲ್ಲಿ ಅಪ್ಪಮಗಳು ಬಂದರು. ವಾಣಿ ಮೊದಲು ತಾನಿಳಿದು ಹಲಗೆಯ ಮೇಲೆ ಎರಡು ಸಲ ಜೋರಾಗಿ ತುಳಿದು ನೋಡಿದಳು. ಕೊಡದ ನೀರನ್ನು ಲೋಟಕ್ಕೆ ಬಗ್ಗಿಸಿ ಮೂಸಿದಳು. ರೂಮಿನ ಮೂಲೆ ಮೂಲೆಗೆ ಟಾರ್ಚು ಬಿಟ್ಟಳು. ರಾಮಮ್ಮನಿಗೆ ಮೈ ಉರಿಯಿತು. ಆದರೂ ಬಾಗಿಲಲ್ಲಿ ನಿಂತು ಕಾದಳು.

ವೀರಭದ್ರಯ್ಯ ಮಾತ್ರ ನೀರಿನ ಅಂಚಿಗೆ ಕುರ್ಚಿ ತಳ್ಳಿಸಿಕೊಂಡು, ಬಲಗೈಯಲ್ಲಿ ಗಾಳ ಹಿಡಿದು ಸಂಜೆಯವರೆಗೂ ಕೂತರು. ಒಂದೂ ಮೀನು ಬೀಳಲಿಲ್ಲ. ಬಿಸಿಲು ಬಂದರೂ ಒಳಗೆ ಬರಲು ಒಪ್ಪಲಿಲ್ಲ. ಕಾಫಿ ತಂದ ರಾಮಮ್ಮನನ್ನು ತೊದಲುತ್ತಲೇ ಕೇಳಿದರು. "ನನ್ನ ಮಗಳನ್ನ ಹೆದರಿಸಿ ಓಡಿಸಿದೋರು ನೀವೇನಾ?"

"ಹೂಂ ಸಾರ್, ನಾನೇ."

"ನನ್ನ ಬಸ್ಸಲ್ಲೂ ಎಷ್ಟೋ ಜನರನ್ನ ಹಂಗೇ ಇಳಿಸಿದೀನಿ, ಟಿಕೆಟ್ ತಗೊಂಡಿಲ್ಲ ಅಂತ. ಆಮೇಲೆ ನೋಡಿದ್ರೆ ಟಿಕೆಟ್ ಅವರ ಜೇಬಲ್ಲೇ ಇರೋದು" ಅಂದು ಅರ್ಧ ಮುಖದಲ್ಲಿ ನಕ್ಕರು.

ಹೊರಡುವ ದಿನ ವಾಣಿ ಥ್ಯಾಂಕ್ಸ್ ಅನ್ನಲಿಲ್ಲ. ದೋಣಿ ಹತ್ತಿದ ಮೇಲೆ, ಅಪ್ಪನ ಜೊತೆ ಫಿಸಿಯೋಥೆರಪಿಗೆ ಬರುವ ಇನ್ನಿಬ್ಬರನ್ನು ಶಿವರಾತ್ರಿ ಕಳೆದ ಮೇಲೆ ಕರೆತಂದರೆ ಆಗುತ್ತದೆಯೇ ಅಂತ ಕೇಳಿದಳು.

"ಒಬ್ರಿಗಾದ್ರೆ ಆಯ್ತದೆ. ಇಬ್ರಿಗೆ ಹೊರೋರು ಸಾಲಲ್ಲ, ಚಲುವಯ್ಯನ್ನ ಕೇಳಿ ಹೇಳ್ತೀನಿ" ಅಂದಳು ರಾಮಮ್ಮ.

ವಾಣಿ ತಲೆಯಾಡಿಸಿದಳು. ಲಕ್ಕಯ್ಯ ಹುಟ್ಟು ಹಾಕಿದ.