ನಡುವಿನ ಸಾಲುಗಳನ್ನು ನಾನು ನೋಡಲಿಲ್ಲ

ನೋಡಬೇಕಾಗಿದ್ದ ನಾನೂರು ಸಾಲುಗಳಲ್ಲಿ ನಾನು ನೋಡಿದ್ದು ಇಪ್ಪತ್ತನ್ನು ಮಾತ್ರ. ಉಳಿದವಕ್ಕೆಲ್ಲ ಕಣ್ಣು ಮುಚ್ಚಿ ‘ಸರಿ’ ಎಂದು ಗುರುತು ಹಾಕಿದೆ. ಗೆಳೆಯರೇ, ಇದನ್ನು ಮೊದಲೇ ಹೇಳಿಬಿಟ್ಟರೆ ನನ್ನನ್ನು ಒಳ್ಳೆಯವನೆಂದು ತಿಳಿಯುವ ಶ್ರಮ ನಿಮಗೆ ತಪ್ಪುತ್ತದೆ.

ಎಂಟನೆಯ ತರಗತಿಗೆ ಶಾಲೆ ಬಿಟ್ಟು ಮಂಡ್ಯದ ಕಡೆಯಿಂದ ಚೆನ್ನೈಗೆ ಬಂದವನು ನಾನು. ಕ್ರೋಂಪೇಟೆಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತೇನೆ, ಹೆಚ್ಚಾಗಿ ವಕೀಲರ ತೀರ್ಪಿನ ಸಂಪುಟಗಳಿಗೆ. ಬೆನ್ನಿನ ಮೇಲೆ ವರ್ಷ, ಸಂಪುಟದ ಸಂಖ್ಯೆ ಒತ್ತಿ ಒತ್ತಿ ಕಾನೂನಿನ ಬೆನ್ನು ನನಗೆ ಚೆನ್ನಾಗಿ ಗೊತ್ತು, ಮುಖದ ಪರಿಚಯವಿಲ್ಲ.

ತಂಗಿ ಗೀತಾ ಓದಿದವಳು. ಪೆರುಂಗುಡಿಯ ಕಂಪನಿಯೊಂದರಲ್ಲಿ, ವಕೀಲರು ಹಳೆಯ ತೀರ್ಪುಗಳನ್ನು ಹುಡುಕಿಕೊಳ್ಳುವ ಸಾಫ್ಟ್‌ವೇರ್ ಬರೆಯುತ್ತಾಳೆ. ಒಂದು ತೀರ್ಪಿನೊಳಗೆ ಇನ್ನೊಂದು ತೀರ್ಪಿನ ಪ್ರಸ್ತಾಪ ಬಂದೊಡನೆ ಯಂತ್ರ ತಾನಾಗಿಯೇ ಗುರುತಿಸಿ ಆ ಅಕ್ಷರಗಳನ್ನು ನೀಲಿ ಮಾಡುತ್ತದೆ. ಒತ್ತಿದರೆ ಆ ಹಳೆಯ ತೀರ್ಪೇ ತೆರೆದುಕೊಳ್ಳಬೇಕು. ಯಂತ್ರ ಬಾಗಿಲು ತಟ್ಟಿದ್ದು ಸರಿಯಾದ ಮನೆಯದೇ ಎಂದು ಮನುಷ್ಯನೊಬ್ಬ ಒಂದೊಂದನ್ನೂ ಒತ್ತಿ ನೋಡಬೇಕು. ಆ ಮನುಷ್ಯನ ಕೆಲಸಕ್ಕೆ ಗೀತಾ ನನ್ನ ಹೆಸರು ಕೊಟ್ಟಳು.

“ಕಾನೂನು ಗೊತ್ತಿರ್ಬೇಕಾಗಿಲ್ಲ ಅಣ್ಣ, ವರ್ಷ, ಪುಟ ಸರಿ ಹೋಗುತ್ತಾ ನೋಡು, ಪೋದುಂ, ಅಷ್ಟು ಸಾಕು. ನಿನ್ನಷ್ಟು ವಾಲ್ಯೂಮ್ ಮುಟ್ಟಿರೋರು ನಮ್ ಆಫೀಸಲ್ಲಿ ಯಾರೂ ಇಲ್ಲ.”

ಹೊಗಳಿಕೆಗೆ ಉಬ್ಬಿ, ಸಾಲಿಗೊಂದು ನೀಲಿ ಪ್ರಸ್ತಾಪವಿದ್ದ ನಾನೂರು ಸಾಲಿನ ಪಟ್ಟಿಯ ಮುಂದೆ ಕುಳಿತೆ. ಆದರೆ ರಟ್ಟು ಕಟ್ಟುವವನಿಗೊಂದು ಚಾಳಿಯಿದೆ: ಹಾಳೆಗಳ ಕಟ್ಟು ಕೈಗೆ ಬಂದರೆ ಮೊದಲ ಪುಟ, ಕೊನೆಯ ಪುಟ ನೋಡುತ್ತಾನೆ, ಎರಡೂ ಸರಿಯಿದ್ದರೆ ನಡುವಿನದು ಎಲ್ಲಿಗೂ ಓಡಿಹೋಗಿರುವುದಿಲ್ಲ. ಅದೇ ಲೆಕ್ಕದಲ್ಲಿ ಮೊದಲ ಹತ್ತು ಸಾಲು ಒತ್ತಿದೆ, ಕೊನೆಯ ಹತ್ತು ಒತ್ತಿದೆ. ಎಲ್ಲವೂ ಅಚ್ಚುಕಟ್ಟು. ನಡುವಿನದಕ್ಕೆಲ್ಲ ‘ಸರಿ’ ಹಾಕಿ, ಫ್ಯಾನಿನ ಕೆಳಗೆ ಸುಖವಾಗಿ ನಿದ್ದೆ ಮಾಡಿದೆ.

ಕೆಲವು ದಿನಗಳ ಮೇಲೆ ಒಬ್ಬ ಹಿರಿಯ ವಕೀಲರಿಗೆ ಕಂಪನಿಯವರು ಆ ಸಾಫ್ಟ್‌ವೇರನ್ನು ತೋರಿಸಿದರಂತೆ. ಬಾಡಿಗೆ ಮನೆಯ ಮೊಕದ್ದಮೆಯೊಂದರಲ್ಲಿ ‘ಮೇಲೆ ಹೇಳಿದ ತೀರ್ಪು’ ಎಂಬ ಮಾತು ನೀಲಿಯಾಗಿತ್ತು. ಅವರು ಒತ್ತಿದರು. ತೆರೆದುಕೊಂಡದ್ದು ಯಾರದೋ ಗದ್ದೆಗೆ ನುಗ್ಗಿದ ಎಮ್ಮೆಯ ಕಥೆ.

“ಎನ್ನಮ್ಮಾ ಇದು? ವೀಡು ಕೇಟ್ಟಾ ಎರುಮೆ ವರುದು!” ಎಂದರಂತೆ. ಮನೆ ಕೇಳಿದರೆ ಎಮ್ಮೆ ಬರುತ್ತಿದೆ!

ಗೀತಾ ಇದನ್ನು ಮನೆಯಲ್ಲಿ ಹೇಳಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ಅವಳು ನಗಲಿಲ್ಲ. “ನೀನು ನೋಡಿದಾಗ ಎಲ್ಲಾ ಸರಿಯಿತ್ತಲ್ಲ ಅಣ್ಣ. ಅಂದ್ರೆ ಆಮೇಲೆ ನಾನೇ ಏನೋ ಕೆಡಿಸಿದ್ದೀನಿ,” ಎಂದಳು. ನಾನು ನಗುವುದನ್ನು ನಿಲ್ಲಿಸಿ ಅಡುಗೆಮನೆಗೆ ಎದ್ದುಹೋದೆ.

ವಾರವಿಡೀ ಅವಳು ಇಲ್ಲದ ತಪ್ಪನ್ನು ತಾನು ಆಮೇಲೆ ಬರೆದದ್ದರಲ್ಲಿ ಹುಡುಕಿದಳು. ಇದ್ದ ತಪ್ಪು ಪಕ್ಕದಲ್ಲೇ ಕುಳಿತು ಅವಳಿಗೆ ತಿಂಡಿ ಮಾಡಿಕೊಡುತ್ತಿತ್ತು. ಒಂದು ದಿನ ಬಜ್ಜಿ, ಮರುದಿನ ಕೇಸರಿಬಾತು. “ಏನಣ್ಣ, ಹೆಣ್ಣು ನೋಡೋಕೆ ಯಾರಾದ್ರೂ ಬರ್ತಿದಾರಾ?” ಎಂದು ಛೇಡಿಸಿದವಳು, ಭಾನುವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚಿ ಮೆಲ್ಲಗೆ ಹೇಳಿದಳು: “ನಾಳೆ ಸಾರ್‌ಗೆ ಹೇಳ್ಬಿಡ್ತೀನಿ, ಈ ಕೆಲಸ ಬೇರೆಯೋರಿಗೆ ಕೊಡಿ ಅಂತ. ನನ್ ಕೈಲಿ ಆಗಲ್ಲ.”

ಆಗ ನನಗೊಂದು ಯೋಚನೆ ಬಂತು. ತೀರ್ಪೊಂದು ಹಳೆಯ ತೀರ್ಪಿನ ಹೆಗಲ ಮೇಲೆ ಕೈಯಿಟ್ಟು ನಿಲ್ಲುತ್ತದೆ, ಆ ಹಳೆಯದು ಇನ್ನೂ ಹಳೆಯದರ ಮೇಲೆ. ನಮ್ಮ ಬದುಕೂ ಹಾಗೆಯೇ ಅಲ್ಲವೇ? ಶುಕ್ರವಾರ ಉಗುರು ಕತ್ತರಿಸಬಾರದೆಂದು ನಮ್ಮಮ್ಮ ಹೇಳುತ್ತಾಳೆ. ಯಾಕೆಂದರೆ ಅವಳ ಅತ್ತೆ ಹೇಳಿದ್ದರು. ಅವರಿಗೆ ಅವರ ಅತ್ತೆ. ಕೊನೆಯ ಅತ್ತೆಯ ಪುಟವನ್ನು ತೆರೆದು ನೋಡಿದವರಿಲ್ಲ. ನೋಡಿದರೆ ಅಲ್ಲಿಯೂ ಒಂದು ಎಮ್ಮೆ ನಿಂತಿರಬಹುದು! ಗೀತಾ ಜಗತ್ತಿನ ತೀರ್ಪುಗಳನ್ನೆಲ್ಲ ಅನುಮಾನಿಸಿ ಪರೀಕ್ಷಿಸುವವಳು; ಅಣ್ಣನ ‘ಸರಿ’ಯನ್ನು ಮಾತ್ರ ಒತ್ತಿ ನೋಡಲಿಲ್ಲ. ಒಡಹುಟ್ಟಿದವನನ್ನು ಹಾಗೆ ಯಾರು ನೋಡುತ್ತಾರೆ? ಆ ನಂಬಿಕೆಯೇ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಸೋಮವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಅವಳನ್ನು ಆಫೀಸಿಗೆ ಬಿಡಲು ಹೊರಟೆ. ದಾರಿಯಲ್ಲಿ ಎರಡು ಸಲ ಹೆಲ್ಮೆಟ್ಟಿನೊಳಗೇ ತಪ್ಪೊಪ್ಪಿಕೊಂಡೆ. ನನ್ನ ಕಿವಿಗೆ ಅದ್ಭುತವಾಗಿ ಕೇಳಿಸಿತು. “ಏನಣ್ಣ?” ಎಂದಳು ಹಿಂದಿನಿಂದ. “ಏನಿಲ್ಲ, ಗುಂಡಿ, ಹುಷಾರು,” ಎಂದೆ. ಪೆರುಂಗುಡಿಗೆ ಇನ್ನೊಂದೇ ಸಿಗ್ನಲ್ ಉಳಿದಿತ್ತು. ಕೆಂಪು ದೀಪ ಬಿತ್ತು. ಗಾಡಿ ಆರಿಸಿ, ಹೆಲ್ಮೆಟ್ ತೆಗೆದು, ಹಿಂದಕ್ಕೆ ತಿರುಗಿದೆ. ಧ್ವನಿ ನಾನೆಣಿಸಿದ್ದಕ್ಕಿಂತ ದೊಡ್ಡದಾಗಿ ಬಂತು. ಪಕ್ಕದ ಆಟೋದವರೂ ತಲೆ ಹೊರಹಾಕಿದರು.

“ಗೀತಾ, ನೀನು ಏನೂ ಕೆಡಿಸಿಲ್ಲ. ತಪ್ಪು ಮೊದಲೇ ಇತ್ತು. ನಾನು ನಡುವಿಂದು ಒಂದನ್ನೂ ಒತ್ತಿ ನೋಡ್ದೆ ಸರಿ ಅಂತ ಹಾಕ್ದೆ, ವಾರವೆಲ್ಲಾ ಬಾಯಿ ಮುಚ್ಕೊಂಡು ಕೂತಿದ್ದೆ. ಈಗ ನಿಮ್ ಸಾರ್ ಮುಂದೆ ಕೂಡ ಬಂದು ಹೇಳ್ತೀನಿ. ತಪ್ಪಾಯ್ತು ಕಣಮ್ಮ, ನನ್ನ ಕ್ಷಮಿಸ್ಬಿಡು.”