ಮೂರನೇ ಗಂಟು

ಮಾನಿಟರಿನ ಗಾಜಿನ ಮೇಲೆ ಸದಾ ಒಂದು ಎಣ್ಣೆಚುಕ್ಕೆ ಇರುತ್ತಿತ್ತು. ಅದು ನಮ್ಮ ಮಿಕ್ಸಿಂಗ್ ಮೇಷ್ಟ್ರ ಮೂಗಿನ ಗುರುತು. ಕನ್ನಡಕವನ್ನು ಹಣೆಗೇರಿಸಿ, ಬಲಗಣ್ಣು ಮುಚ್ಚಿ, ಪರದೆಯ ಮೇಲಿನ ಮದುಮಕ್ಕಳ ಮುಖಕ್ಕೆ ಮೂಗು ತಾಗುವಷ್ಟು ಹತ್ತಿರ ಕೂರುತ್ತಿದ್ದರು. ಮೇಷ್ಟ್ರೆಂದರೆ ಪಾಠ ಹೇಳಿದವರಲ್ಲ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುತ್ತಿದ್ದು, ಸ್ವಯಂನಿವೃತ್ತಿ ಪಡೆದು, ಶಿವಮೊಗ್ಗದ ರವೀಂದ್ರನಗರದಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸುತ್ತಿದ್ದರು. ಕ್ಯಾಮೆರಾ ಹೊತ್ತು ಮದುವೆ ತಿರುಗಿ ಅವರ ಮುಂದೆ ಟೇಪು ತಂದಿಡುವವನು ನಾನು.

ಗಿರಾಕಿಗಳಿಗೆ ನಿಮಿಷಕ್ಕೊಂದು ತಾವರೆ ಅರಳಿ ಅದರೊಳಗಿಂದ ದಂಪತಿಗಳು ಉದ್ಭವಿಸಬೇಕು. ಮೇಷ್ಟ್ರು ಮದುವೆಗೊಂದೇ ತಾವರೆ ಮಂಜೂರು ಮಾಡುತ್ತಿದ್ದರು. “ಸಾಫ್ಟ್‌ವೇರಲ್ಲಿ ಮುನ್ನೂರು ಇಫೆಕ್ಟ್ ಇದೆ ಅಂತ ಮುನ್ನೂರೂ ಹಾಕ್ತಾರೇನ್ರೀ? ಅಂಗಡೀಲಿ ಇಲಿಪಾಷಾಣಾನೂ ಇರುತ್ತೆ.”

ಹೊಳೆಹೊನ್ನೂರಿನ ಮದುವೆಯೊಂದರಲ್ಲಿ ನಾನು ಮಹಾಪರಾಧ ಮಾಡಿದೆ. ಗಟ್ಟಿಮೇಳ ಎಂದೊಡನೆ ಸಭೆಯೇ ಅಕ್ಷತೆ ಹಿಡಿದು ಎದ್ದು ನಿಲ್ಲುತ್ತದೆಂಬುದು ಹಸುಗೂಸಿಗೂ ಗೊತ್ತು. ನಾನು ಮಾತ್ರ ಸ್ಟೂಲು ಹತ್ತದೆ ನೆಲದ ಮೇಲೇ ನಿಂತಿದ್ದೆ. ಹುಡುಗಿಯ ಅಜ್ಜಿಯ ತಮ್ಮ ನನ್ನ ಮುಂದೆ ಎದ್ದರು. ಟೇಪಿನಲ್ಲಿ ತಾಳಿಯ ಬದಲು ಅವರ ಬೆನ್ನು, ತಲೆ ಮತ್ತು ಒಂದು ಕಿವಿ ಸಾಂಗವಾಗಿ ದಾಖಲಾದವು.

ಹುಡುಗಿಯನ್ನು ಸಾಕಿದ್ದ ಆ ಅಜ್ಜಿ ಸೊಂಟ ಮುರಿದುಕೊಂಡು ಭದ್ರಾವತಿಯ ಓಲ್ಡ್ ಟೌನಿನಲ್ಲಿ ಮಲಗಿದ್ದರು. ಮದುವೆಗೆ ಬರಲಾಗಿರಲಿಲ್ಲ. ಹೆಚ್ಚು ದಿನವಿಲ್ಲವೆಂದು ಡಾಕ್ಟರು ಹೇಳಿದ್ದರು. ತಾಳಿ ಕಟ್ಟುವುದನ್ನೊಂದು ನೋಡಬೇಕೆಂದು ಅಜ್ಜಿ ದಿನವೂ ಕೇಳುತ್ತಿದ್ದರು.

“ಬೇರೆ ಮದುವೆಯ ಕೈ ಹಾಕಿಬಿಡಿ ಮೇಷ್ಟ್ರೇ. ಕ್ಲೋಸಪ್ಪಲ್ಲಿ ಯಾರಿಗೆ ಗೊತ್ತಾಗುತ್ತೆ?” ಎಂದೆ. ಕಸುಬಿನಲ್ಲಿ ಎಲ್ಲರೂ ಮಾಡುತ್ತಿದ್ದುದೇ.

“ಬೇರೆಯವನ ಕೈಲಿ ಇವಳಿಗೆ ತಾಳಿ ಕಟ್ಟಿಸ್ಲೇನೋ ಮಾರಾಯ? ಏಳು, ಕಾಫಿ ತಗಂಡ್ ಬಾ.”

ಟೇಪಿನಲ್ಲಿ ಅಜ್ಜಿಯ ತಮ್ಮ ಎಡಕ್ಕೆ ವಾಲಿದಾಗ ಮದುಮಗಳ ಮುಖ ಕಾಣುತ್ತಿತ್ತು. ಇನ್ನಷ್ಟು ಅಕ್ಷತೆಗೆಂದು ತಟ್ಟೆಗೆ ಬಗ್ಗಿದಾಗ ಮದುಮಗನ ಕೈಗಳು. ಮೇಷ್ಟ್ರು ಒಂದೊಂದು ಚಿತ್ರದಿಂದ ಒಂದೊಂದು ಚೂರು ಕತ್ತರಿಸಿ, ಪದರದ ಮೇಲೆ ಪದರವಿಟ್ಟು, ಅಂಚು ಮಸುಕಾಗಿಸಿ ಕೂಡಿಸತೊಡಗಿದರು. ಸೆಕೆಂಡಿಗೆ ಇಪ್ಪತ್ತೈದು ಚಿತ್ರ. ಪ್ರತಿಯೊಂದರಲ್ಲೂ ಆ ಕಿವಿಯ ಸುತ್ತ ಮೌಸಿನಿಂದ ಗೆರೆ. ಎರಡು ಸಲ ಕರೆಂಟು ಹೋಗಿ ಮಾಡಿದ್ದೆಲ್ಲ ಅಳಿಸಿಹೋಯಿತು. ಎರಡು ಸಲವೂ ಕನ್ನಡಕ ಒರೆಸಿ, ಸಂಕಲ್ಪ ಹೇಳುವ ಪುರೋಹಿತರ ಗಾಂಭೀರ್ಯದಲ್ಲಿ “ಮೊದಲಿಂದ” ಎಂದರು. ಐದನೇ ದಿನ ನಾಲ್ಕು ಸೆಕೆಂಡು ಸಿದ್ಧವಾಯಿತು.

ಸೀಡಿ ಹಿಡಿದು ಇಬ್ಬರೂ ಬಸ್ಸು ಹತ್ತಿದೆವು. ಅಜ್ಜಿಯನ್ನು ಟೀವಿಯೆದುರು ದಿಂಬಿಗೆ ಒರಗಿಸಿದ್ದರು. ಹಾಕುವ ಮೊದಲೇ ಮೇಷ್ಟ್ರು ಮಂಚದ ಪಕ್ಕ ಬಗ್ಗಿದರು. “ಅಜ್ಜೀ, ಮೂರನೇ ಗಂಟು ಮಾತ್ರ ಸಿಕ್ತು. ಮೊದಲಿನ ಎರಡು ನನ್ನ ಕೈಲಿ ಆಗ್ಲಿಲ್ಲ.”

ಅಜ್ಜಿ ನೋಡಿದರು. ಮತ್ತೆ ಹಾಕಿಸಿದರು. ಮತ್ತೂ ಒಮ್ಮೆ. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಬಿಡಪ್ಪ, ಗಂಟು ನಿಲ್ಲೋದು ಮೂರನೇದ್ರಲ್ಲೇ” ಎಂದರು.

ಆ ತಿಂಗಳಲ್ಲೇ ಅವರು ಹೋದರು. ಕೆಲವು ವರ್ಷಗಳಲ್ಲಿ ಮೇಷ್ಟ್ರೂ ಹೋದರು. ಎರಡು ಗಂಟು ಕಾಣದೆ ಹೋದದ್ದು ಸ್ಟೂಲು ಹತ್ತದ ಕ್ಯಾಮೆರಾದವನಿಂದ ಎಂದು ಅವರು ಅಜ್ಜಿಯ ಮುಂದೆ ಹೇಳಲಿಲ್ಲ. ಸಾಯುವವರೆಗೂ ಯಾರ ಮುಂದೆಯೂ ಹೇಳಲಿಲ್ಲ. ಹಾಗಾಗಿ ಈಗ ನಾನೇ ಹೇಳಬೇಕಾಗಿದೆ.