ಸಲೈನ್ ಪೈಪಿನ ಸ್ಟಿಯರಿಂಗ್

ನನ್ನ ಗಂಡ ಶಿರಾಳಕೊಪ್ಪದಲ್ಲಿ ಮೂವತ್ತು ವರ್ಷ ಕಾರು ರಿಪೇರಿ ಮಾಡಿದವರು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಗ್ಯಾರೇಜು ಮುಚ್ಚಿ ಶಿಕಾರಿಪುರದ ಮನೆಯಲ್ಲೇ ಉಳಿದರು. ವ್ಯಾಯಾಮ ಹೇಳಿಕೊಡಲು ಬಂದವರು ಒಂದು ಮೆತ್ತನೆಯ ಚೆಂಡು ಕೊಟ್ಟು ದಿನಾ ಹಿಸುಕಿ ಎಂದರು. ಇವರು ಅದನ್ನು ಮೂರನೇ ದಿನ ಹಿತ್ತಲಿಗೆ ಎಸೆದರು.

ಆಮೇಲೆ ಬಂದಿದ್ದು ಒಂದು ರಟ್ಟಿನ ಪೆಟ್ಟಿಗೆ. ಅವರ ಹಳೆಯ ಗಿರಾಕಿಯೊಬ್ಬರು ಆಟದ ಸಾಮಾನಿನ ಅಂಗಡಿ ಮುಚ್ಚುವಾಗ, ಬಿಡಿಭಾಗ ಜೋಡಿಸಿ ಮಾಡುವ ಪುಟ್ಟ ಕಾರುಗಳ ಹಳೆಯ ಡಬ್ಬಿಗಳನ್ನು ಕೊಟ್ಟು ಕಳಿಸಿದ್ದರು. ಒಂದೂ ಪೂರ್ತಿ ಇರಲಿಲ್ಲ. ಒಂದಕ್ಕೆ ಗಾಜಿಲ್ಲ, ಇನ್ನೊಂದಕ್ಕೆ ಚಕ್ರವಿಲ್ಲ. ನನಗದು ಕಸ. ಅವರಿಗೆ ಮಾತ್ರ ಮುಖದಲ್ಲಿ ಕಳೆ ಬಂತು.

ಇಂಜೆಕ್ಷನ್ ಬಾಟಲಿಯ ರಬ್ಬರ್ ಮುಚ್ಚಳ ಚಕ್ರವಾಯಿತು. ಖಾಲಿ ಮಾತ್ರೆ ಪಟ್ಟಿಯ ಪ್ಲಾಸ್ಟಿಕ್ಕು ಗಾಜಾಯಿತು. ಒಂದು ಕಾರನ್ನು ಯಾವುದೋ ಮಗು ಅರ್ಧ ಅಂಟಿಸಿ ಬಿಟ್ಟಿತ್ತು, ಬಾಗಿಲು ಸೊಟ್ಟಗಿತ್ತು. ನಾನು ಇಷ್ಟು ವರ್ಷ ಮಕ್ಕಳ ಕಾಪಿ ತಿದ್ದಿದ ಮೇಷ್ಟರಮ್ಮ, ತಪ್ಪು ಕಂಡರೆ ಕೈ ತುರಿಸುತ್ತದೆ. ಸರಿ ಮಾಡಿ ಎಂದೆ.

"ಅದು ಅವನು ಕೂರಿಸಿದ್ದು, ನಾನು ಕೀಳಲ್ಲ. ಇನ್ನೊಬ್ಬ ಬಿಚ್ಚಿದ ಗಾಡಿಗೆ ಅವನ್ನ ಕೇಳ್ದೆ ಕೈ ಹಾಕಬಾರ್ದು ಕಣೇ. ನಮ್ ಲೈನಲ್ಲಿ ಅದು ಮರ್ಯಾದೆ," ಎಂದರು.

ಅವರೇ ಹಾಕಿಕೊಂಡ ಇನ್ನೊಂದು ನಿಯಮವಿತ್ತು. ಎಡಗೈ ಬರೀ ಹಿಡಿದುಕೊಳ್ಳಬೇಕು, ಕೂರಿಸುವುದು ಬಲಗೈಯೇ. ಹಾಗಾಗಿ ಒಂದು ಚಕ್ರಕ್ಕೆ ಒಂದು ವಾರ ಹಿಡಿಯುತ್ತಿತ್ತು. ಆದರೂ ಬೆರಳುಗಳು ನಿಧಾನಕ್ಕೆ ಮಾತು ಕೇಳತೊಡಗಿದ್ದವು.

ಎಲ್ಲಕ್ಕಿಂತ ಕಾಡಿದ್ದು ಒಂದು ಕೆಂಪು ಕಾರಿನ ಸ್ಟಿಯರಿಂಗ್. ಡಬ್ಬಿಯಲ್ಲಿ ಅದಿರಲಿಲ್ಲ. ಆಸ್ಪತ್ರೆಯಿಂದ ತಂದಿದ್ದ ಸಲೈನ್ ಪೈಪಿನಿಂದ ತೆಳ್ಳನೆಯ ಉಂಗುರ ಕತ್ತರಿಸಿಟ್ಟಿದ್ದರು. ಒಂಬತ್ತು ದಿನ ಪ್ರಯತ್ನಿಸಿದರು. ಚಿಮಟ ಹಿಡಿದ ಕೈ ಕಾರಿನ ಬಾಗಿಲವರೆಗೆ ಹೋಗಿ ನಡುಗುತ್ತಿತ್ತು, ಉಂಗುರ ಕೆಳಗೆ ಬೀಳುತ್ತಿತ್ತು. ನಾನು ಮೊಬೈಲಿನ ಬೆಳಕು ಬಿಟ್ಟು ನೆಲದಲ್ಲಿ ಹುಡುಕುತ್ತಿದ್ದೆ. ಹತ್ತನೆಯ ದಿನ ಊಟ ಮಾಡಿ ಅವರು ಮಲಗಿದಾಗ ನಾನೇ ಒಂದು ಹನಿ ಅಂಟು ಹಾಕಿ ಕೂರಿಸಿಬಿಟ್ಟೆ. ಎರಡು ನಿಮಿಷದ ಕೆಲಸ.

ಎದ್ದು ಬಂದು ನೋಡಿದರು. ನಾನಿಟ್ಟಿದ್ದ ಚಹಾ ಲೋಟ ಮುಟ್ಟಲಿಲ್ಲ.

"ಯಾರು ಹಾಕಿದ್ದು?"

"ನಾನೇ ರೀ. ಎಷ್ಟು ದಿನ ಅಂತ ಒದ್ದಾಡ್ತೀರಿ ಅಂತ..."

"ಈ ಕೈ ಇನ್ನೂ ಸತ್ತಿಲ್ಲ ಕಣೇ. ಅಷ್ಟರಲ್ಲೇ ತಿಥಿ ಮಾಡಿ ಮುಗಿಸಿದೆಯಲ್ಲ."

ದನಿ ಏರಿಸಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಅವತ್ತಿನಿಂದ ಪೆಟ್ಟಿಗೆ ಮುಟ್ಟಲಿಲ್ಲ. ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂರುತ್ತಿದ್ದರು. ಹತ್ತು ಹನ್ನೆರಡು ದಿನದಲ್ಲೇ ಬೆರಳುಗಳು ಮತ್ತೆ ಮುದುಡತೊಡಗಿದವು. ಅದನ್ನು ನೋಡಿ ನನಗೆ ಹೆದರಿಕೆಯಾಯಿತು.

ಆಗ ಯೋಚಿಸಿದೆ. ಅವರ ಅಂಗಿಯ ಗುಂಡಿ ಹಾಕುವವಳು ನಾನು. ಅನ್ನ ಕಲಸಿ ಕೊಡುವವಳು ನಾನು. ಬಂದವರು ಅವರನ್ನು ಏನಾದರೂ ಕೇಳಿದರೆ ಉತ್ತರ ಹೇಳುವವಳೂ ನಾನೇ. ಇದನ್ನೆಲ್ಲ ಪ್ರೀತಿ ಎಂದುಕೊಂಡಿದ್ದೆ. ಪ್ರೀತಿಯೂ ಇತ್ತು, ಸುಳ್ಳಲ್ಲ. ಆದರೆ ಅರ್ಧಕ್ಕರ್ಧ ಅಸಹನೆ. ಅವರ ನಿಧಾನವನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ, ಅಷ್ಟೇ. ಇದು ಹೊಳೆದಾಗ ನನಗೇ ನಾಚಿಕೆಯಾಯಿತು.

ಮರುದಿನ ಹೋಗಿ ಎದುರಿಗೆ ಕೂತೆ. "ತಪ್ಪಾಯ್ತು ರೀ. ಆ ಸ್ಟಿಯರಿಂಗ್ ಕಿತ್ತು ಕೊಡ್ಲಾ?"

"ಬ್ಯಾಡ. ಅದು ನಿಂದೇ ಇರ್ಲಿ. ಇನ್ನೊಂದು ಡಬ್ಬಿ ತಗಂಬಾ," ಎಂದರು.

ಈಗ ಒಂದು ಹಳದಿ ಜೀಪಿನ ಕೆಲಸ ನಡೆದಿದೆ. ನಿನ್ನೆ ತಿಂಡಿಯಾದ ಮೇಲೆ ಕೂತವರು ಊಟದ ಹೊತ್ತಾದರೂ ಏಳಲಿಲ್ಲ. ಚಕ್ರ ನಾಲ್ಕು ಸಲ ಬಿತ್ತು. ನಾಲ್ಕನೆಯ ಸಲ ಉರುಳಿ ನನ್ನ ಕಾಲ ಹತ್ತಿರ ಬಂತು.

"ಎತ್ತಿ ಕೊಡ್ಲಾ?"

"ಮೇಜಿನ ಮೇಲಿಡು, ಸಾಕು."

ಅಷ್ಟೇ ಮಾಡಿ ಹಿಂದೆ ಬಂದು ಕೂತೆ. ಕುಕ್ಕರ್ ತಣ್ಣಗಾಗುತ್ತಿತ್ತು. ಆ ಕೈ ನಡುಗುತ್ತಾ ಚಕ್ರದ ಕಡೆ ಹೋಗುವುದನ್ನು ನೋಡುತ್ತಾ, ನನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಬಿಗಿಯಾಗಿ ಹಿಡಿದುಕೊಂಡು ಕೂತಿದ್ದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಅವರಿಗೆ ಮಾಡಿದ ಚಾಕರಿಯಲ್ಲೆಲ್ಲ ಇದೇ ಕಷ್ಟದ್ದು.